ಒಂಟಿ ದುಂಬಿ, ಕೂಡುಬಾಳಿನ ಕಡಜ



ಹಳೆಯ ಮನೆಯ ತೊಲೆಯಲ್ಲೋ ಒಣಗಿದ ಬಿದಿರಿನಲ್ಲೋ ದುಂಡನೆಯ ತೂತು ಕೊರೆದು, ಗುಂಯ್‌ಗುಟ್ಟುತ್ತ ಒಳಹೋಗುವ ದಪ್ಪನೆಯ ಕಪ್ಪು ದುಂಬಿಯನ್ನು ನೀವು ನೋಡಿರಬಹುದು. ಮರ ಕೊರೆಯುವುದರಿಂದ ಇದನ್ನು ಬಡಗಿ ದುಂಬಿ ಎನ್ನೋಣ. ಇದು ಜೇನಿನ ಬಳಗಕ್ಕೆ ಸೇರಿದ ಕೀಟ. ಮರದ ಪೊಟರೆಯಲ್ಲೋ ನೆಲದ ಬಿಲದಲ್ಲೋ ಗೂಡು ಕಟ್ಟುವ ಇನ್ನೊಂದು ದೊಡ್ಡ ಕೀಟವಿದೆ. ಕಪ್ಪು ಮೈ, ಹೊಟ್ಟೆಯ ಮೇಲೆ ಅಗಲವಾದ ಹಳದಿ ಪಟ್ಟೆ. ಅದು ಕಡಜ, ಶಾಸ್ತ್ರೀಯ ಹೆಸರು ವೆಸ್ಪ ಟ್ರಾಪಿಕ. ಎರಡನ್ನು ಕಂಡರೂ ನಾವು ಒಂದೇ ಸಮನೆ ಹೆದರುತ್ತೇವೆ. ಆದರೆ ಎರಡರ ಸ್ವಭಾವವೂ ಒಂದೇ ಏನು?

ಬಡಗಿ ದುಂಬಿಯ ಸಂಸಾರದಲ್ಲಿ ದುಡಿಯುವವಳು ಸಾಮಾನ್ಯವಾಗಿ ತಾಯಿ ಒಬ್ಬಳೇ. ಸುರಂಗ ಕೊರೆದು, ಪರಾಗವನ್ನು ಮಕರಂದದಲ್ಲಿ ಕಲಸಿ ಉಂಡೆ ಕಟ್ಟುತ್ತಾಳೆ. ಅದರ ಮೇಲೆ ಒಂದೇ ಮೊಟ್ಟೆಯಿಟ್ಟು, ಮರದ ಹೊಟ್ಟಿನಿಂದ ಅಡ್ಡಗೋಡೆ ಹಾಕಿ, ಮುಂದಿನ ಕೋಣೆಗೆ ತೊಡಗುತ್ತಾಳೆ. ನಡುವೆ ಅವಳು ಸತ್ತರೆ ಆ ಕೆಲಸವನ್ನು ಮುಂದುವರಿಸುವವರಿಲ್ಲ. ಆದ್ದರಿಂದ ಅಪಾಯ ಕಂಡರೆ ಕಾದಾಡುವುದಕ್ಕಿಂತ ಹಾರಿಹೋಗುವುದೇ ಲೇಸು. ಕೈಯಲ್ಲಿ ಹಿಡಿದು ಅದುಮಿದರಲ್ಲದೆ ಅವಳು ಕುಟುಕುವುದು ಅಪರೂಪ. ನಿಮ್ಮ ಮುಖದೆದುರು ಸುಳಿದಾಡುವುದು ಹೆಚ್ಚಾಗಿ ಗಂಡು. ಅದಕ್ಕೆ ಕೊಂಡಿಯೇ ಇಲ್ಲ.

ಕಡಜದ ಗೂಡು ಆರಂಭವಾಗುವುದೂ ಒಬ್ಬಳೇ ತಾಯಿಯಿಂದ. ಆ ರಾಣಿ ಮರದ ನಾರನ್ನು ಅಗಿದು, ಜೊಲ್ಲು ಬೆರೆಸಿ, ಕಾಗದದಂಥ ಗೂಡು ಕಟ್ಟುತ್ತಾಳೆ. ಮೊದಲು ಹುಟ್ಟಿದ ಹೆಣ್ಣುಮಕ್ಕಳು ಕೆಲಸಗಾರ್ತಿಯರಾಗುತ್ತಾರೆ. ಬಳಿಕ ಮೊಟ್ಟೆಯಿಡುವುದೇ ರಾಣಿಯ ಕೆಲಸ. ಕೆಲಸಗಾರ್ತಿಯರು ಬೇರೆ ಜಾತಿಯ ಕಣಜಗಳ ಗೂಡಿಗೆ ನುಗ್ಗಿ, ಮರಿಹುಳುಗಳನ್ನು ಹೊತ್ತು ತಂದು ತಮ್ಮ ಗೂಡಿನ ಮರಿಗಳಿಗೆ ಉಣಿಸುತ್ತಾರೆ. ಅವರಲ್ಲಿ ಒಬ್ಬಳು ಸತ್ತರೂ ತಾಯಿ ಮತ್ತು ತಂಗಿಯರು ಉಳಿದರೆ ವಂಶ ಮುಂದುವರಿಯುತ್ತದೆ. ಗೂಡಿನ ತುಂಬ ಮರಿಗಳಿರುವುದರಿಂದ ಕಾಯಬೇಕಾದ ಸೊತ್ತೂ ದೊಡ್ಡದು. ಅದಕ್ಕಾಗಿಯೇ ಗೂಡನ್ನು ಕೆಣಕಿದರೆ ಕಡಜಗಳು ಒಟ್ಟಾಗಿ ಮೇಲೆರಗುತ್ತವೆ. ಕುಟುಕಿದಾಗ ಜೇನುಹುಳುವಿನಂತೆ ಕೊಂಡಿಯನ್ನು ಕಳೆದುಕೊಳ್ಳದ ಕಾರಣ ಒಂದೇ ಕಡಜ ಹಲವು ಸಲ ಕುಟುಕಬಲ್ಲದು.

ಹಾಗಾದರೆ ನಾವು ಮಾಡಬೇಕಾದುದೇನು? ಕಡಜದ ಗೂಡಿಗೆ ಎಂದೂ ಕಲ್ಲೆಸೆಯಬೇಡಿ, ದೂರವಿರಿ. ಹಲವು ಕಡೆ ಕುಟುಕಿದ್ದರೆ, ಅಥವಾ ಉಸಿರಾಟಕ್ಕೆ ತೊಂದರೆಯಾದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ. ಆದರೆ ಅದೇ ಭಯದಿಂದ ದುಂಬಿಯನ್ನು ಹೊಡೆದು ಕೊಲ್ಲಬೇಡಿ. ಬದನೆ ಹೂವಿನಲ್ಲಿ ಪರಾಗವು ಕೇಸರದ ತುದಿಯ ಸಣ್ಣ ರಂಧ್ರದಿಂದ ಹೊರಬೀಳಬೇಕು. ಬಡಗಿ ದುಂಬಿಯು ಹೂವನ್ನು ಅಪ್ಪಿ ಹಿಡಿದು, ಮೈಯನ್ನು ನಡುಗಿಸಿ ಅದನ್ನು ಉದುರಿಸುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ಜೇನುಹುಳು ಹೀಗೆ ಮಾಡಲಾರದು.

ನಿಮ್ಮ ಮನೆಯ ತೊಲೆಯ ಕೆಳಗೆ ಮರದ ಹೊಟ್ಟು ಉದುರಿದ್ದರೆ ತಲೆಯೆತ್ತಿ ನೋಡಿ. ಅಲ್ಲಿ ತಾಯಿಯೊಬ್ಬಳು ಯಾರ ನೆರವೂ ಇಲ್ಲದೆ ಸಂಸಾರ ಕಟ್ಟುತ್ತಿರಬಹುದು.