ನೊಂದವರ ದನಿಯೂ ದಂಡನೀತಿಯೂ



ಅಪರಾಧವೆಂಬುದು ರಾಜ್ಯಕ್ಕೆ ವಿರುದ್ಧವಾದ ಕೃತ್ಯವೆಂದು ನಮ್ಮ ನ್ಯಾಯವ್ಯವಸ್ಥೆ ಪರಿಗಣಿಸಿರುವುದರಿಂದ, ಮೊಕದ್ದಮೆಯನ್ನು ನಡೆಸುವುದು ಸರ್ಕಾರದ ಪಾಲಾಗಿ, ನೊಂದವರು ಸಾಕ್ಷಿಕಟ್ಟೆಯಲ್ಲಿ ನಿಂತು ಕೇಳಿದುದಕ್ಕೆ ಉತ್ತರವಿತ್ತು ಮನೆಗೆ ಮರಳುವುದೇ ಬಹುಕಾಲ ನಡೆದುಬಂದ ಪದ್ಧತಿಯಾಗಿದ್ದಿತು. ಅಂಥವರ ವೇದನೆ ಶಾಸನಗಳನ್ನೇ ತಿದ್ದಿಸುವಷ್ಟು ಪ್ರಬಲವಾದ ಬಗೆಯನ್ನು ಇಂದು ಅರಿಕೆ ಮಾಡಬಯಸುತ್ತೇನೆ.

1972ರ ಮಾರ್ಚ್ ತಿಂಗಳ ಒಂದು ರಾತ್ರಿ, ಅಣ್ಣನು ಕೊಟ್ಟ ದೂರಿನ ನಿಮಿತ್ತ, ಕೂಲಿ ಮಾಡುತ್ತಿದ್ದ ಆದಿವಾಸಿ ಬಾಲಿಕೆಯೊಬ್ಬಳನ್ನು ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಗೆ ಕರೆಸಲಾಯಿತು. ಹೇಳಿಕೆ ಮುಗಿದ ಮೇಲೆ ಉಳಿದವರನ್ನು ಹೊರಗೆ ಕಳುಹಿಸಿ ಅವಳೊಬ್ಬಳನ್ನು ಉಳಿಸಿಕೊಂಡರು. ದೀಪವಾರಿತು, ಬಾಗಿಲು ಮುಚ್ಚಿತು, ಬಂಧುಗಳು ಹೊರಗೆ ಕಾದು ನಿಂತಿದ್ದರು. ಇಬ್ಬರು ಪೊಲೀಸರ ಮೇಲಿನ ಅತ್ಯಾಚಾರದ ಆರೋಪದಲ್ಲಿ ಸೆಷನ್ಸ್ ನ್ಯಾಯಾಲಯವು ಖುಲಾಸೆ ಮಾಡಿತು, ಮುಂಬಯಿ ಉಚ್ಚ ನ್ಯಾಯಾಲಯವು ಶಿಕ್ಷೆ ವಿಧಿಸಿತು, 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೈಮೇಲೆ ಗಾಯದ ಗುರುತಿಲ್ಲವೆಂಬುದನ್ನು ಮುಂದಿಟ್ಟುಕೊಂಡು ಮತ್ತೆ ಬಿಡುಗಡೆ ಮಾಡಿತು. ಠಾಣೆಯೊಳಗೆ ಒಂಟಿಯಾಗಿದ್ದ ಬಾಲಿಕೆಯ ಅಸಹಾಯಕತೆಯನ್ನು ಸಮ್ಮತಿಯೆಂದು ಎಣಿಸಿದುದು ಘೋರವಾದ ಅನ್ಯಾಯವೇ ಸರಿ.

1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಮೊದಲಾದ ನಾಲ್ವರು ಕಾನೂನು ಪಂಡಿತರು ಈ ತೀರ್ಪನ್ನು ಪ್ರಶ್ನಿಸಿ ಮುಖ್ಯ ನ್ಯಾಯಾಧೀಶರಿಗೆ ಬಹಿರಂಗ ಪತ್ರ ಬರೆದರು. ಮಹಿಳಾ ಸಂಘಟನೆಗಳು ಬೀದಿಗಿಳಿದುವು. ತೀರ್ಪು ಕದಲಲಿಲ್ಲ, ಶಾಸನ ಕದಲಿತು: 1983ರ ತಿದ್ದುಪಡಿಯಿಂದಾಗಿ, ಪೊಲೀಸರ ವಶದಲ್ಲಿ ನಡೆದ ಸಂಭೋಗವು ಸಾಬೀತಾದರೆ, ಸಮ್ಮತಿಯಿರಲಿಲ್ಲವೆಂಬ ಹೆಣ್ಣಿನ ಮಾತನ್ನೇ ನ್ಯಾಯಾಲಯವು ಮೊದಲು ನಂಬತಕ್ಕದ್ದೆಂದಾಯಿತು, ಆಕೆಯ ಹೆಸರನ್ನು ಪ್ರಕಟಿಸುವುದೂ ಅಪರಾಧವಾಯಿತು.

2012ರ ಡಿಸೆಂಬರ್‌ನಲ್ಲಿ ದೆಹಲಿಯ ಬಸ್ಸೊಂದರಲ್ಲಿ ಯುವತಿಯೊಬ್ಬಳ ಮೇಲೆ ನಡೆದ ಅತ್ಯಾಚಾರದ ಕ್ರೌರ್ಯದ ತರುವಾಯ ದೇಶವೇ ಕುದಿಯಿತು. ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿಯು 29 ದಿನಗಳಲ್ಲಿ ವರದಿಯನ್ನೊಪ್ಪಿಸಿ, ಮರಣದಂಡನೆ ಬೇಡ, ಬಾಲಾಪರಾಧಿಯ ವಯೋಮಿತಿಯನ್ನು ಇಳಿಸುವುದೂ ಬೇಡವೆಂದು ವಿವೇಕದಿಂದ ನುಡಿಯಿತು. ಫೆಬ್ರವರಿಯ ಸುಗ್ರೀವಾಜ್ಞೆಯಾದರೋ ಕೆಲವು ಸಂದರ್ಭಗಳಿಗೆ ಮರಣದಂಡನೆಯನ್ನು ಸೇರಿಸಿತು. 2015ರ ಡಿಸೆಂಬರ್ 20ರಂದು ಆ ಪ್ರಕರಣದ ಬಾಲಾಪರಾಧಿ ಬಿಡುಗಡೆಯಾದಾಗ ಆ ಯುವತಿಯ ಹೆತ್ತವರು ಬೀದಿಯಲ್ಲಿ ಅತ್ತರು. ಲೋಕಸಭೆಯಿಂದ ಮೇ ತಿಂಗಳಲ್ಲೇ ಬಂದಿದ್ದ, ಬಾಲಾಪರಾಧಿಗಳ ಕಾಯ್ದೆಯನ್ನು ಬಿಗಿಗೊಳಿಸುವ ಮಸೂದೆಯನ್ನು ರಾಜ್ಯಸಭೆಯು ಎರಡೇ ದಿನಗಳಲ್ಲಿ ಅಂಗೀಕರಿಸಿತು. ಆ ತಾಯಿಯ ದುಃಖಕ್ಕೆ ನಾನು ತಲೆಬಾಗುತ್ತೇನೆ. ಆದರೆ ಆಳುವವರು ಶಿಕ್ಷೆಯ ಕೂಗಿಗೆ ಇಷ್ಟು ಬೇಗ ಕಿವಿಗೊಡುತ್ತಾರೆ, ಆಸರೆಯ ಬೇಡಿಕೆಗೆ ಕೊಡುವುದಿಲ್ಲ.

ಆ ಬೇಡಿಕೆಯಾದರೋ ನಿಧಾನವಾಗಿಯೇ ಸಾಗಿತು: ಕನ್ನಡಿಗರೇ ಆದ ನ್ಯಾಯಮೂರ್ತಿ ವಿ. ಎಸ್. ಮಳಿಮಠರ ಸಮಿತಿ, ನೊಂದವರಿಗೆ ವಿಚಾರಣೆಯಲ್ಲಿ ಪಾಲೂ ಪರಿಹಾರವೂ ದೊರೆಯಬೇಕೆಂದು 2003ರಲ್ಲಿಯೇ ಹೇಳಿದ್ದಿತು. ಖುಲಾಸೆಯ ವಿರುದ್ಧ ಮೇಲ್ಮನವಿಯ ಹಕ್ಕನ್ನು ಅವರಿಗೆ ಕೊಟ್ಟ ತಿದ್ದುಪಡಿ ಜಾರಿಗೆ ಬಂದುದು 2009ರ ಕೊನೆಯ ದಿನ. ಅದಕ್ಕೆ ನ್ಯಾಯಾಲಯದ ಪೂರ್ವಾನುಮತಿ ಬೇಕಿಲ್ಲವೆಂದು ಸ್ಪಷ್ಟವಾದುದು, ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ, 2018ರಲ್ಲಿ.

ಅಪರಾಧಿಯ ಪತ್ತೆಯಾಗದಿದ್ದರೂ ನೊಂದವರು ಪರಿಹಾರಕ್ಕಾಗಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ತಮ್ಮ ನೆರೆಯಲ್ಲಿ ಅಪರಾಧದ ಆಘಾತಕ್ಕೀಡಾದ ಕುಟುಂಬವಿದ್ದಲ್ಲಿ, ದಯವಿಟ್ಟು ಈ ಮಾತನ್ನು ಅವರಿಗೆ ತಲಪಿಸಿ.