ಚೀಲ ಬಿಚ್ಚದ ಸೂಪರ್‌ಮ್ಯಾನ್

ಪುಸ್ತಕ ಕೊಂಡು ಅದರ ಹೊದಿಕೆಯನ್ನೇ ಬಿಚ್ಚದೆ ಇಡುವವರನ್ನು ನೀವು ಕಂಡಿದ್ದೀರಾ? 1992ರ ನವೆಂಬರ್ 18ರಂದು ಅಮೆರಿಕದಲ್ಲಿ 'ಸೂಪರ್‌ಮ್ಯಾನ್' 75ನೇ ಸಂಚಿಕೆ ಮಾರಾಟಕ್ಕೆ ಬಂದಾಗ ಬಹಳ ಜನ ಹಾಗೆಯೇ ಮಾಡಿದರು. ನಾಯಕ ಸಾಯುವ ಸಂಚಿಕೆ ಅದು. ಸಂಗ್ರಹಕಾರರಿಗೆಂದು ಮಾಡಿದ ಪ್ರತಿ ಕಪ್ಪು ಚೀಲದಲ್ಲಿ ಭದ್ರವಾಗಿ ಮುಚ್ಚಿ ಬಂತು. ಒಳಗೆ ತೋಳಿಗೆ ಕಟ್ಟಿಕೊಳ್ಳಲು ಕಪ್ಪು ಪಟ್ಟಿ ಬೇರೆ!

ಸೂಪರ್‌ಮ್ಯಾನ್ ಅಭಿಮಾನಿಯಾದ ನನಗೆ ವ್ಯಾಪಾರದ ಈ ಜಾಣತನ ಹಿಡಿಸದು. ಆದರೆ ಚೀಲದೊಳಗಿನ ಕೆಲಸ ಸಾಮಾನ್ಯವಾದುದಲ್ಲ. ಡೂಮ್ಸ್‌ಡೇ ಎಂಬ ದೈತ್ಯನೊಡನೆ ನಡೆಯುವ ಕಾಳಗದ ಕೊನೆಯ ನಾಲ್ಕು ಸಂಚಿಕೆಗಳನ್ನು ಸಾಲಾಗಿ ಇಟ್ಟು ನೋಡಿ. ಮೊದಲನೆಯದರಲ್ಲಿ ಪುಟಕ್ಕೆ ನಾಲ್ಕು ಚಿತ್ರ, ಮುಂದಿನದರಲ್ಲಿ ಮೂರು, ಆಮೇಲೆ ಎರಡು. ಡ್ಯಾನ್ ಜುರ್ಗೆನ್ಸ್ ಬರೆದು ಚಿತ್ರಿಸಿದ 75ನೆಯದರಲ್ಲಿ ಪುಟಕ್ಕೆ ಒಂದೇ ಒಂದು. ಸಾವು ಹತ್ತಿರವಾಗುವುದು ಮಾತಿಗೆ ಮೊದಲೇ ಕಣ್ಣಿಗೆ ತಿಳಿಯುತ್ತದೆ.

ಬೆಲೆ ಏರೀತೆಂದು ಕಾದವರು ಇದನ್ನು ನೋಡಲೇ ಇಲ್ಲ. ಲಕ್ಷಗಟ್ಟಲೆ ಪ್ರತಿಗಳು ಜೋಪಾನವಾಗಿ ಉಳಿದ ಮೇಲೆ ಬೆಲೆ ಏರುವುದೆಲ್ಲಿಂದ? 1938ರ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆ ಅಪರೂಪವಾದದ್ದು, ಜನ ಅದನ್ನು ಓದಿ ಎಸೆದದ್ದರಿಂದ. ಸೂಪರ್‌ಮ್ಯಾನ್ 1993ರಲ್ಲಿ ಮರಳಿ ಬಂದ, ಅದಿರಲಿ. ಆ ಕಪ್ಪು ಚೀಲ ನಿಮ್ಮ ಕೈಗೆ ಸಿಕ್ಕಿದರೆ ಮೊದಲು ಕತ್ತರಿ ತನ್ನಿ.