ಟ್ರೇಲರಿನ ಹಿಂದಿನ ದೀಪ

ಎತ್ತಿನ ಗಾಡಿಯ ಅಚ್ಚಿನ ಕೆಳಗೆ ಲಾಂದ್ರ ತೂಗಾಡುತ್ತಿದ್ದುದನ್ನು ನಿಮ್ಮಲ್ಲಿ ವಯಸ್ಸಾದವರು ಮರೆತಿರಲಾರರು. ನ್ಯಾಮತಿ ಕಡೆಯ ಹಳ್ಳಿಯಲ್ಲಿ ನಾನು ಹುಡುಗನಾಗಿದ್ದಾಗ, ರಾತ್ರಿ ಗಾಡಿ ಹೂಡುವ ಮೊದಲು ನಮ್ಮ ತಂದೆಯವರು ಲಾಂದ್ರದ ಗಾಜನ್ನು ಬೂದಿ ಹಚ್ಚಿ ಒರೆಸುತ್ತಿದ್ದರು. ಎತ್ತುಗಳಿಗೆ ಆ ಬೆಳಕು ಬೇಕಿರಲಿಲ್ಲ. ಅವಕ್ಕೆ ದಾರಿ ಗೊತ್ತು. ಲಾಂದ್ರವಿದ್ದುದು ದಾರಿಯಲ್ಲಿ ಬರುವ ಬೇರೆಯವರಿಗಾಗಿ. ಈಗ ಗಾಡಿಯ ಜಾಗಕ್ಕೆ ಟ್ರಾಕ್ಟರ್ ಬಂದಿದೆ. ಚನ್ನಗಿರಿಯ ಅಡಿಕೆ, ಹೊನ್ನಾಳಿಯ ಭತ್ತ, ಜಗಳೂರಿನ ಮೆಕ್ಕೆಜೋಳ ಟ್ರೇಲರ್ ಏರಿ ಪೇಟೆಗೆ ಹೋಗುತ್ತವೆ. ಲಾಂದ್ರದ ಜಾಗಕ್ಕೆ ಬಂದ ಕೆಂಪು ದೀಪ ಮಾತ್ರ ಎಷ್ಟೋ ಟ್ರೇಲರುಗಳಲ್ಲಿ ಉರಿಯುವುದೇ ಇಲ್ಲ.

ಕನ್ನಡ ಪಂಡಿತನಿಗೆ ವೈರಿಂಗಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ. ಮೂರು ವರ್ಷಗಳ ಹಿಂದೆ ಸುಗ್ಗಿಯಲ್ಲಿ, ನಮ್ಮ ತಮ್ಮನ ಟ್ರೇಲರ್ ಜೋಳ ತುಂಬಿಕೊಂಡು ಹೊನ್ನಾಳಿ ರಸ್ತೆಯಲ್ಲಿ ಹೋಗುತ್ತಿತ್ತು. ಬೈಕಿನಲ್ಲಿ ಬಂದ ಹುಡುಗನೊಬ್ಬ ಹಿಂದಿನಿಂದ ಗುದ್ದಿದ. ನನ್ನ ಬಳಿಯೇ ಹತ್ತನೆಯ ತರಗತಿ ಓದಿದವನು. ಬದುಕಿಕೊಂಡ. ಎಡಗಾಲಿನ ಮಂಡಿ ಇಂದಿಗೂ ಪೂರ್ತಿ ಮಡಚುವುದಿಲ್ಲ.

“ಹೊರಡುವಾಗ ದೀಪ ಹತ್ತಿದ್ದು ನಾನೇ ನೋಡಿದೀನಿ, ಅಣ್ಣ” ಎಂದ ತಮ್ಮ. “ದೀಪ ಇರಲಿಲ್ಲ ಸಾರ್” ಎಂದ ಆಸ್ಪತ್ರೆಯಲ್ಲಿ ಮಲಗಿದ್ದ ಹುಡುಗ. ಇಬ್ಬರೂ ಸುಳ್ಳು ಹೇಳುವವರಲ್ಲ.

ಮರುದಿನ ವೈರಿಂಗ್ ಕೆಲಸದವರೊಬ್ಬರು ಬಂದು, ಟ್ರೇಲರಿನ ಕೆಳಗೆ ನುಸುಳಿ, “ಅರ್ತ್ ಇಲ್ಲ ಸಾರ್ ಇದಕ್ಕೆ” ಎಂದರು. ಮೂವತ್ತು ವರ್ಷ ವ್ಯಾಕರಣ ಹೇಳಿದ ನನ್ನ ಕಿವಿಗೆ ಅದು “ಅರ್ಥ ಇಲ್ಲ” ಎಂದೇ ಕೇಳಿಸಿತು. ಯಾವುದಕ್ಕೆ ಅರ್ಥವಿಲ್ಲವೆಂದು ಕೇಳಿಯೂಬಿಟ್ಟೆ. ಅವರು ನಗಲಿಲ್ಲ, ಕೈಗೆ ಬ್ಯಾಟರಿ ದೀಪ ಕೊಟ್ಟು ತೋರಿಸಿದರು.

ಬ್ಯಾಟರಿಯಿಂದ ಹೊರಟ ವಿದ್ಯುತ್ತು ಬಲ್ಬನ್ನು ಹೊತ್ತಿಸಿ ಮತ್ತೆ ಬ್ಯಾಟರಿಗೇ ಮರಳಬೇಕು. ವಾಹನದಲ್ಲಿ ಹೋಗುವುದಕ್ಕೆ ತಂತಿಯುಂಟು. ಮರಳುವುದಕ್ಕೆ ಸಾಮಾನ್ಯವಾಗಿ ವಾಹನದ ಕಬ್ಬಿಣದ ಮೈಯೇ ದಾರಿ. ಇದನ್ನೇ ಅರ್ತ್ ಎನ್ನುವುದು. ಟ್ರಾಕ್ಟರಿನ ಮಟ್ಟಿಗೆ ಇದು ಸರಿ. ಆದರೆ ಟ್ರಾಕ್ಟರಿಗೂ ಟ್ರೇಲರಿಗೂ ನಡುವೆ ಇರುವುದು ಒಂದು ಕೊಂಡಿ, ಒಂದು ಪಿನ್ನು. ಅದಕ್ಕೆ ಮೆತ್ತಿರುವುದು ಗ್ರೀಸು, ತುಕ್ಕು, ಕೆಸರು. ಅಂಗಳದಲ್ಲಿ ನಿಂತಾಗ ಕಬ್ಬಿಣ ಕಬ್ಬಿಣಕ್ಕೆ ತಾಗಿ ದೀಪ ಹೊತ್ತುತ್ತದೆ. ರಸ್ತೆಯ ಕುಲುಕಾಟದಲ್ಲಿ ಆ ಸ್ಪರ್ಶ ತಪ್ಪಿದರೆ ಆರುತ್ತದೆ. ತಮ್ಮನೂ ನಿಜ ಹೇಳಿದ್ದ, ಹುಡುಗನೂ ನಿಜ ಹೇಳಿದ್ದ.

ಈ ರೋಗಕ್ಕೆ ಬೇರೊಂದು ಲಕ್ಷಣವೂ ಉಂಟು. ಎಡಕ್ಕೆ ತಿರುಗುವ ಇಂಡಿಕೇಟರ್ ಹಾಕಿದರೆ ಕೆಂಪು ದೀಪವೂ ಜೊತೆಯಲ್ಲಿ ಮಿಣುಕುತ್ತದೆ. ಬ್ರೇಕ್ ತುಳಿದರೆ ಉರಿಯುತ್ತಿದ್ದ ದೀಪ ಮಂಕಾಗುತ್ತದೆ. ಮರಳುವ ದಾರಿ ಸಿಕ್ಕದ ವಿದ್ಯುತ್ತು ಪಕ್ಕದ ಬಲ್ಬಿನೊಳಗೆ ನುಸುಳಿ ಹೇಗೋ ಹಿಂದಿರುಗಲು ನೋಡುತ್ತದೆ. ಜನ ಆಗ ಬಲ್ಬನ್ನು ಬದಲಾಯಿಸುತ್ತಾರೆ. ಬಲ್ಬಿನ ತಪ್ಪೇನೂ ಇರುವುದಿಲ್ಲ.

ಮದ್ದು ಸುಲಭ. ಕೊಂಡಿಯನ್ನು ನಂಬದೆ, ಅರ್ತಿಗೆಂದೇ ಒಂದು ತಂತಿಯನ್ನು ಪ್ರತಿಯೊಂದು ದೀಪದಿಂದಲೂ ತಂದು, ಸಾಕೆಟ್ಟಿನ ಮೂಲಕ ಬ್ಯಾಟರಿಯ ಋಣ ತುದಿಗೆ ಮುಟ್ಟಿಸುವುದು. ಏಳು ಪಿನ್ನಿನ ಸಾಕೆಟ್ಟಿನಲ್ಲಿ 3ನೆಯದು ಇದಕ್ಕಾಗಿಯೇ ಇದೆ. ಅಂತರರಾಷ್ಟ್ರೀಯ ಮಾದರಿಯಂತೆ ಅದರ ತಂತಿ ಬಿಳಿ. 1 ಎಡ ಇಂಡಿಕೇಟರಿಗೆ, 4 ಬಲಕ್ಕೆ, 6 ಬ್ರೇಕಿಗೆ, 5 ಮತ್ತು 7 ಹಿಂದಿನ ಕೆಂಪು ದೀಪಗಳಿಗೆ. ಆದರೆ ಹಳೆಯ ಟ್ರೇಲರುಗಳಲ್ಲಿ ಕೈಗೆ ಸಿಕ್ಕ ಬಣ್ಣದ ತಂತಿಯನ್ನು ಎಳೆದಿರುತ್ತಾರೆ. ಬಣ್ಣವನ್ನು ನಂಬಬೇಡಿ, ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದನ್ನೂ ನೋಡಿಸಿ.

ಅರ್ತ್ ತಂತಿ ಉಳಿದವುಗಳಿಗಿಂತ ದಪ್ಪವಿರಬೇಕು, ಏಕೆಂದರೆ ಎಲ್ಲ ದೀಪಗಳ ವಿದ್ಯುತ್ತೂ ಅದರಲ್ಲಿಯೇ ಮರಳುತ್ತದೆ. ಬ್ರೇಕಿನ ಬಲ್ಬು 21 ವಾಟಿನದು, ಕೆಂಪು ದೀಪ 5 ವಾಟಿನದು, ಇಂಡಿಕೇಟರು 21. ಎರಡು ಬ್ರೇಕ್, ಎರಡು ಕೆಂಪು, ಒಂದು ಇಂಡಿಕೇಟರ್ ಒಟ್ಟಿಗೆ ಉರಿದರೆ 73 ವಾಟು. 12 ವೋಲ್ಟಿನ ಬ್ಯಾಟರಿಯಲ್ಲಿ ಅದು ಸುಮಾರು 6 ಆಂಪಿಯರ್. ಕೂದಲಿನಂಥ ತಂತಿಯನ್ನು ಹೊಸೆದು ಟೇಪು ಸುತ್ತಿದರೆ ಒಂದು ಮಳೆಗಾಲವೂ ಬಾಳುವುದಿಲ್ಲ. ಹಳೆಯ ಟ್ರಾಕ್ಟರುಗಳಲ್ಲಿ ಬಿಸಿಯಾಗಿ ಮಿಣುಕಿಸುವ ಫ್ಲ್ಯಾಷರ್ ಇದ್ದರೆ, ಟ್ರೇಲರಿನ ಬಲ್ಬುಗಳು ಸೇರಿದೊಡನೆ ಅದು ಅವಸರದಿಂದ ಮಿಣುಕತೊಡಗುತ್ತದೆ. ಹೆಚ್ಚು ಭಾರ ತಡೆಯುವುದನ್ನು ಹಾಕಿಸಬೇಕು. ಫ್ಯೂಸಿನ ಜಾಗದಲ್ಲಿ ಬರಿಯ ತಂತಿ ಕಟ್ಟುವವರ ಬಗ್ಗೆ ಮಾತಾಡದಿರುವುದೇ ಲೇಸು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣಬೇಕೆನ್ನುತ್ತವೆ. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಸಾಗುತ್ತದೆ. ಲೆಕ್ಕ ನೀವೇ ಹಾಕಿಕೊಳ್ಳಿ. ಪಟ್ಟಣದಲ್ಲಿ ಕುಳಿತು ರೇಡಿಯೋ ಕೇಳುವ ನಿಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಜಮೀನಿದೆ, ಟ್ರಾಕ್ಟರಿದೆ. ಆ ರಸ್ತೆಯಲ್ಲಿ ರಾತ್ರಿ ಬೈಕು ಓಡಿಸುವ ಮಕ್ಕಳೂ ಇದ್ದಾರೆ.

ನಮ್ಮ ತಮ್ಮ ಈಗ ಹೊರಡುವ ಮೊದಲು ದೀಪ ಹೊತ್ತಿಸಿ ಸುಮ್ಮನಾಗುವುದಿಲ್ಲ. ಒಬ್ಬರನ್ನು ಬ್ರೇಕ್ ತುಳಿಯಲು ಕೂರಿಸಿ, ಇನ್ನಿಬ್ಬರಿಂದ ಟ್ರೇಲರನ್ನು ಹಿಡಿದು ಅಲುಗಾಡಿಸುತ್ತಾನೆ. ತಾನು ಹಿಂದೆ ನಿಂತು ನೋಡುತ್ತಾನೆ. ಜೋಳದ ಚೀಲ, ತಾಡಪಾಲಿನ ಅಂಚು ದೀಪದ ಮೇಲೆ ಇಳಿಬಿದ್ದಿದ್ದರೆ ಮೇಲಕ್ಕೆ ಕಟ್ಟಿಸುತ್ತಾನೆ. ಆಮೇಲೆ ಟ್ರಾಕ್ಟರ್ ಏರುತ್ತಾನೆ.